ಒಂದು ಅಡಿ ಜಾಗ

ನಮ್ಮ ಕೂಟದ ಯಾವ ಕಾರ್ಯಕ್ರಮಕ್ಕೆ ಹೋದರೂ ಮೊದಲ ಅರ್ಧ ಗಂಟೆ ನಡೆಯುವುದು ಟ್ರಾಫಿಕ್ ಪುರಾಣ. ಆರು ಗಂಟೆಗೆಂದು ಕರೆದ ಯುಗಾದಿ ಸಮಾರಂಭದ ಪ್ರಾರ್ಥನೆ ಏಳಕ್ಕೆ ಶುರುವಾದರೆ ಅದಕ್ಕೆ ಕಾರಣ ಕನ್ನಡಿಗರ ಸಮಯಪ್ರಜ್ಞೆಯಲ್ಲ, 880 ಫ್ರೀವೇ! ಒಬ್ಬರು ಸ್ಯಾನ್ ಮಟಿಯೋ ಸೇತುವೆಯ ಮೇಲೆ ನಲವತ್ತು ನಿಮಿಷ ನಿಂತ ಕಥೆ ಹೇಳಿದರೆ, ಇನ್ನೊಬ್ಬರು 101ರಲ್ಲಿ ಬಿಸಿಬೇಳೆಬಾತು ತಣ್ಣಗಾದ ಕಥೆ ಹೇಳುತ್ತಾರೆ. ಪುರಾಣದ ಕೊನೆಯ ಅಧ್ಯಾಯಕ್ಕೆ ಬಂದಾಗ ಮಾತ್ರ ಎಲ್ಲರದೂ ಒಂದೇ ಅಭಿಪ್ರಾಯ. "ನಾವೆಲ್ಲ ಮರ್ಯಾದೆಯಿಂದ ಸಾಲಿನಲ್ಲಿ ನಿಂತಿದ್ದರೆ ಈ ಮೋಟಾರ್ ಸೈಕಲ್‌ನವರು ಮಧ್ಯೆ ತೂರಿಕೊಂಡು ಹೋಗಿಬಿಡುತ್ತಾರಲ್ಲ ಸ್ವಾಮಿ, ಇದು ಯಾವ ನ್ಯಾಯ?"

ಊಟದ ಸಾಲಿನಲ್ಲಿ ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಹಪ್ಪಳ ಹಿಡಿದು ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಹಿಂದಿನವರು ತಳ್ಳುತ್ತಿರುತ್ತಾರೆ, ಮುಂದೆ ಪಲ್ಯ ಖಾಲಿಯಾಗುತ್ತಿರುತ್ತದೆ. ಅದಕ್ಕೇ ಸಂಪಾದಕರನ್ನು ಕೇಳಿ ಈ ಪುಟಗಳನ್ನು ಪಡೆದುಕೊಂಡೆವು. ಈ ವಿಷಯದಲ್ಲಿ ನಮಗೆ ವೈದ್ಯರಾಗಿ ಒಂದು ಅಭಿಪ್ರಾಯವಿದೆ. ತಂದೆತಾಯಿಯಾಗಿ ಇನ್ನೂ ಹೆಚ್ಚಿನದೊಂದಿದೆ. ಅದು ಕೊನೆಗೆ ಬರುತ್ತದೆ.

ಮೊದಲು ಇದು ಏನೆಂದು ನೋಡೋಣ. ಕಾರುಗಳು ನಿಂತಿರುವಾಗ ಅಥವಾ ತೆವಳುತ್ತಿರುವಾಗ, ಎರಡು ಲೇನುಗಳ ನಡುವಿನ ಗೆರೆಯ ಮೇಲೆ ಮೋಟಾರ್ ಸೈಕಲ್ ಮುಂದೆ ಸಾಗುವುದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಲೇನ್ ಸ್ಪ್ಲಿಟಿಂಗ್ ಎನ್ನುತ್ತಾರೆ. ಇಂಗ್ಲೆಂಡ್, ಆಸ್ಟ್ರೇಲಿಯಾ ಕಡೆ ಇದಕ್ಕೆ ಫಿಲ್ಟರಿಂಗ್ ಎಂದು ಹೆಸರು. ಫಿಲ್ಟರ್ ಎಂದೊಡನೆ ನಮ್ಮವರ ಕಿವಿ ನೆಟ್ಟಗಾಗುತ್ತದೆ. ಹೋಲಿಕೆಯೂ ಸರಿಯಾಗಿಯೇ ಇದೆ. ಕಾಫಿಪುಡಿಯನ್ನು ಹದವಾಗಿ ಹಾಕಿದರೆ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ತಾನೇ ಇಳಿಯುತ್ತದೆ. ಗಟ್ಟಿಯಾಗಿ ಒತ್ತಿ ಕೂರಿಸಿಬಿಟ್ಟರೆ ಬೆಳಗಾದರೂ ಇಳಿಯುವುದಿಲ್ಲ. ರಸ್ತೆಯಲ್ಲಿ ಪುಡಿಯ ಜಾಗದಲ್ಲಿರುವವರು ನಾವು, ಕಾರಿನವರು.

ಇನ್ನು ಅಳತೆಯ ಲೆಕ್ಕ. ಫ್ರೀವೇಯ ಒಂದು ಲೇನಿನ ಅಗಲ ಸಾಮಾನ್ಯವಾಗಿ 12 ಅಡಿ. ನಮ್ಮ ನಿಮ್ಮ ಕಾರು ಎರಡೂ ಕಡೆಯ ಕನ್ನಡಿ ಸೇರಿಸಿದರೆ ಸುಮಾರು 7 ಅಡಿ. ಎರಡು ಕಾರುಗಳು ತಮ್ಮ ತಮ್ಮ ಲೇನಿನ ಮಧ್ಯದಲ್ಲಿ ನಿಂತರೆ ಕನ್ನಡಿಯಿಂದ ಕನ್ನಡಿಗೆ ಉಳಿಯುವುದು ಸುಮಾರು 5 ಅಡಿ. ಸವಾರನ ಹ್ಯಾಂಡಲ್ಲಿಗೆ ಸುಮಾರು ಮೂರು ಅಡಿ ಬೇಕು. ಅಂದರೆ ಅವನ ಒಂದೊಂದು ಕೈಯ ಪಕ್ಕದಲ್ಲಿ ಉಳಿಯುವುದು ಒಂದೊಂದು ಅಡಿ. ಈಗ ಎಡಗಡೆಯ ಕಾರು ಒಂದು ಅಡಿ ಎಡಕ್ಕೆ, ಬಲಗಡೆಯದು ಒಂದು ಅಡಿ ಬಲಕ್ಕೆ ಜರುಗಿದರೆ ಆ ಒಂದೊಂದು ಅಡಿ ಎರಡೆರಡು ಅಡಿಯಾಗುತ್ತದೆ. ನಮ್ಮ ಲೇನು ನಮ್ಮಲ್ಲೇ ಇರುತ್ತದೆ. ಸ್ಟಿಯರಿಂಗನ್ನು ಎರಡು ಬೆರಳಿನಲ್ಲಿ ಒಂದಿಷ್ಟು ಅಲುಗಿಸಿದರೆ ಸಾಕು, ಅಷ್ಟೇ ಕೆಲಸ.

ಇದು ಕಾನೂನಿಗೆ ವಿರುದ್ಧ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ನಿಷೇಧಿಸುವ ಕಾನೂನು ಇರಲಿಲ್ಲ, ಆದ್ದರಿಂದ ದಶಕಗಳ ಕಾಲ ಸುಮ್ಮನೆ ನಡೆದುಕೊಂಡು ಬಂತು. 2016ರಲ್ಲಿ ಎ.ಬಿ. 51 ಎಂಬ ಮಸೂದೆಗೆ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು. 2017ರ ಜನವರಿ 1ರಿಂದ ಲೇನ್ ಸ್ಪ್ಲಿಟಿಂಗ್ ಎಂಬುದಕ್ಕೆ ವಾಹನ ಸಂಹಿತೆಯಲ್ಲಿಯೇ ವ್ಯಾಖ್ಯೆ ಬಂತು. ಇದನ್ನು ಸುರಕ್ಷಿತವಾಗಿ ಮಾಡುವುದು ಹೇಗೆಂದು ಹೈವೇ ಪೆಟ್ರೋಲ್ ಇಲಾಖೆ 2018ರಲ್ಲಿ ಸಲಹೆಗಳನ್ನು ಹೊರಡಿಸಿತು. ಆ ಸಲಹೆಗಳಲ್ಲಿ ಕಾರಿನವರಿಗೂ ಒಂದು ಮಾತಿದೆ. ಬೇಕೆಂದೇ ಅಡ್ಡ ಬಂದು ಸವಾರನಿಗೆ ಅಪಾಯ ಮಾಡುವುದು, ತಡೆಯಲೆಂದು ಬಾಗಿಲು ತೆರೆಯುವುದು ಎರಡೂ ಅಪರಾಧ. ಈಚೆಗೆ ಬೇರೆ ರಾಜ್ಯಗಳೂ ಒಂದೊಂದಾಗಿ ಈ ದಾರಿಗೆ ಬಂದಿವೆ. 2019ರಲ್ಲಿ ಯೂಟಾ, 2021ರಲ್ಲಿ ಮೊಂಟಾನಾ, 2022ರಲ್ಲಿ ಅರಿಜೋನಾ, 2024ರಲ್ಲಿ ಕೊಲೊರಾಡೋ, 2025ರಲ್ಲಿ ಮಿನೆಸೋಟಾ. ಅಲ್ಲೆಲ್ಲ ವೇಗಕ್ಕೆ ಬಿಗಿಯಾದ ಮಿತಿಯಿದೆ. ಕೆಲವು ಕಡೆ ಕಾರುಗಳು ಪೂರ್ತಿ ನಿಂತಿದ್ದರೆ ಮಾತ್ರ ಅನುಮತಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 2014ರಲ್ಲೇ ಗಂಟೆಗೆ 30 ಕಿಲೋಮೀಟರ್ ಮಿತಿ ಹಾಕಿ ಒಪ್ಪಿಕೊಂಡಿತು.

ಕಾನೂನು ಇರಲಿ, ನ್ಯಾಯದ ಮಾತೇನು? ಸಾಲು ಎಂಬುದು ನಮಗೆಲ್ಲ ಕರುಳಿಗೆ ತಾಗುವ ವಿಷಯ. ಸೀಮೆಎಣ್ಣೆಗೆ ಕ್ಯೂ ನಿಂತವರು ನಾವು. ರೈಲ್ವೆ ರಿಸರ್ವೇಷನ್‌ಗೆ ಬೆಳಗಿನ ಜಾವ ಟವೆಲ್ ಹಾಸಿ ಜಾಗ ಹಿಡಿದವರು ನಾವು. ಮದ್ರಾಸಿನಲ್ಲಿ ವೀಸಾಕ್ಕೆ ಬಿಸಿಲಿನಲ್ಲಿ ನಿಂತೆವು. ಇಲ್ಲಿಗೆ ಬಂದ ಮೇಲೆ ಹಸಿರು ಕಾರ್ಡಿನ ಕ್ಯೂನಲ್ಲಿ ನಮ್ಮ ಮಕ್ಕಳು ಹೈಸ್ಕೂಲು ಮುಗಿಸಿದರು. ಮಧ್ಯೆ ನುಗ್ಗುವವನನ್ನು ಕಂಡರೆ ನಮ್ಮ ರಕ್ತ ಕುದಿಯುವುದು ಸಹಜವೇ.

ಆದರೆ ಕ್ಯೂನಲ್ಲಿ ನುಗ್ಗುವವನ ಮೇಲೆ ಕೋಪ ಬರುವುದು ಏಕೆ? ಅವನು ನಮ್ಮ ಪಾಲಿನದನ್ನು ಕಿತ್ತುಕೊಳ್ಳುತ್ತಾನೆಂದು. ಅವನಿಗೆ ಕೊನೆಯ ಟಿಕೆಟ್ ಸಿಕ್ಕರೆ ನಮಗೆ ಸಿಗುವುದಿಲ್ಲ. ಮೋಟಾರ್ ಸೈಕಲ್ಲಿನವನು ನಮ್ಮಿಂದ ಏನು ಕಿತ್ತುಕೊಂಡ? ನಮ್ಮ ಮುಂದಿದ್ದ ಕಾರು ಆಗಲೂ ನಮ್ಮ ಮುಂದೆಯೇ ಇತ್ತು, ಅವನು ಹೋದ ಮೇಲೂ ಅಲ್ಲೇ ಇದೆ. ನಾವು ಮನೆ ಸೇರುವ ಹೊತ್ತು ಬದಲಾಗಲಿಲ್ಲ. ಅವನೂ ಒಂದು ಕಾರು ತಂದಿದ್ದರೆ ಸಾಲು ಇನ್ನೊಂದು ಹದಿನೈದು ಅಡಿ ಉದ್ದವಾಗುತ್ತಿತ್ತು. ಅವನು ಬಳಸುವುದು ನಮ್ಮಲ್ಲಿ ಯಾರಿಗೂ ಉಪಯೋಗಕ್ಕೆ ಬಾರದ ಜಾಗವನ್ನು. ನಮ್ಮ ಕಡೆ ಗದ್ದೆಯ ಬದುವಿನ ಮೇಲೆ ಜನ ನಡೆದು ಹೋಗುವುದಿಲ್ಲವೇ? ಬೆಳೆ ಯಾರದೋ, ದಾರಿ ಎಲ್ಲರದು.

2023ರಲ್ಲಿ ಮೈಸೂರಿನಿಂದ ನಮ್ಮ ಭಾವ ಬಂದಿದ್ದರು. ನಿವೃತ್ತ ಬ್ಯಾಂಕ್ ಅಧಿಕಾರಿ, ಲೆಕ್ಕದ ಮನುಷ್ಯ. ಕೊನೆಯ ಏಳು ವರ್ಷ ಬೆಂಗಳೂರಿನಲ್ಲಿ ಸ್ಕೂಟರಿನಲ್ಲೇ ಬ್ಯಾಂಕಿಗೆ ಹೋಗಿಬಂದವರು. ಸಂಜೆ ಐದು ಗಂಟೆಯ 880ರಲ್ಲಿ ನಮ್ಮ ಪಕ್ಕ ಕುಳಿತು ಅವರು ಮೊದಲು ಹೇಳಿದ ಮಾತು, "ಏನಪ್ಪಾ, ಅಮೆರಿಕಾ ಅಂದ್ರೆ ಏನೋ ಅಂದ್ಕೊಂಡಿದ್ದೆ. ಸಿಲ್ಕ್ ಬೋರ್ಡ್ ಜಂಕ್ಷನ್ನೇ ಇಲ್ಲಿಗೆ ಬಂದಿದೆಯಲ್ಲ!" ಹಿಂದಿನಿಂದ ಒಂದು ಮೋಟಾರ್ ಸೈಕಲ್ ಬರುತ್ತಿರುವುದು ಕನ್ನಡಿಯಲ್ಲಿ ಕಂಡಿತು. ನಾವು ಎರಡನೆಯ ಲೇನಿನಲ್ಲಿದ್ದೆವು. ಅಭ್ಯಾಸದಂತೆ ಸ್ವಲ್ಪ ಬಲಕ್ಕೆ ಜರುಗಿದೆವು. ಸವಾರ ನಮ್ಮ ಕಿಟಕಿಯ ಪಕ್ಕದಲ್ಲೇ ಹಾದುಹೋದ. ಹೋಗುವಾಗ ಬಲಗಾಲನ್ನು ಎತ್ತಿ ನಮ್ಮ ಕಡೆಗೆ ಚಾಚಿ, ಮತ್ತೆ ಒಳಗೆ ಎಳೆದುಕೊಂಡ.

ಭಾವನವರ ಮುಖ ಕೆಂಪಾಯಿತು. "ನೋಡಿದೆಯಾ ಅವನ ಸೊಕ್ಕು! ದಾರಿ ಬಿಟ್ಟವರಿಗೇ ಕಾಲು ತೋರಿಸಿ ಹೋಗ್ತಾನೆ!"

"ಇಲ್ಲ ಭಾವ, ಅದು ನಮಸ್ಕಾರ."

"ಕಾಲಲ್ಲಿ ನಮಸ್ಕಾರವೇ? ನಮ್ಮ ವಂಶದಲ್ಲೇ ಕೇಳಿಲ್ಲ."

ನಾವು ವಿವರಿಸಿದೆವು. ಸವಾರನ ಬಲಗೈಯಲ್ಲಿ ಆಕ್ಸಿಲರೇಟರ್ ಇದೆ, ಮುಂದಿನ ಬ್ರೇಕೂ ಇದೆ. ಅದನ್ನು ಬಿಡುವಂತಿಲ್ಲ. ಎಡಗಡೆಯ ಕಾರಿಗೆ ಥ್ಯಾಂಕ್ಸ್ ಹೇಳುವುದಾದರೆ ಎಡಗೈ ಇಳಿಸಿ ಎರಡು ಬೆರಳು ತೋರಿಸುತ್ತಾನೆ. ಬಲಗಡೆಯ ಕಾರಿಗೆ ಹೇಳಬೇಕಾದರೆ ಅವನ ಬಳಿ ಖಾಲಿ ಇರುವುದು ಬಲಗಾಲು ಒಂದೇ. ಭಾವ ಒಂದು ನಿಮಿಷ ಯೋಚಿಸಿದರು. ಆಮೇಲೆ ಗಂಭೀರವಾಗಿ, "ಸರಿ, ಒಂದು ಅಡಿ ಕೊಟ್ಟೆ, ಅವನು ಅಡಿಯಿಂದಲೇ ತೀರಿಸಿದ. ಲೆಕ್ಕ ಚುಕ್ತಾ" ಎಂದರು. ಮುಂದಿನ ಸವಾರ ಕಾಲು ಚಾಚಿದಾಗ ನಮ್ಮ ಭಾವ ಕಾರಿನೊಳಗಿಂದಲೇ ಕೈಮುಗಿದರು. ಅವನಿಗೆ ಕಂಡಿತೋ ಇಲ್ಲವೋ ತಿಳಿಯದು.

ಮನೆಗೆ ಬಂದು ಕಾಫಿ ಕುಡಿಯುವಾಗ ಅವರು ಇನ್ನೊಂದು ಮಾತು ಹೇಳಿದರು. "ಬೆಂಗಳೂರಿನಲ್ಲಿ ಯಾರೂ ಜಾಗ ಕೊಡೋಲ್ಲ, ಎಲ್ಲರೂ ತಗೋತಾರೆ. ಇಲ್ಲಿ ಕೊಟ್ಟಮೇಲೆ ತಗೋತಾರೆ. ಅಷ್ಟೇ ವ್ಯತ್ಯಾಸ." ಯೋಚಿಸಿದಷ್ಟೂ ಈ ಮಾತು ಸರಿ ಎನ್ನಿಸುತ್ತದೆ. ಬೆಂಗಳೂರಿನಲ್ಲಿ ಒಂದು ಕೋಟಿಗೂ ಹೆಚ್ಚು ವಾಹನಗಳು, ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ದ್ವಿಚಕ್ರ ವಾಹನಗಳು. ಅಲ್ಲಿ ಅವರೇ ನದಿ, ಕಾರುಗಳು ನದಿಯಲ್ಲಿನ ಬಂಡೆಗಳು. ಯಾವ ಕಡೆಯಿಂದ ಯಾರು ಬರುತ್ತಾರೆಂದು ಪ್ರತಿಯೊಬ್ಬ ಡ್ರೈವರಿಗೂ ಮೈಯೆಲ್ಲ ಕಣ್ಣಾಗಿರುತ್ತದೆ. ಇಲ್ಲಿ ಕಾರುಗಳೇ ನದಿ. ನೂರು ಕಾರಿಗೆ ಎಲ್ಲೋ ಒಂದು ಮೋಟಾರ್ ಸೈಕಲ್. ಆ ಒಂದು ಬರುತ್ತದೆಂದು ಯಾರ ಮನಸ್ಸಿನಲ್ಲೂ ಇರುವುದಿಲ್ಲ. ಹಾರ್ನ್ ಮಾಡುವ ಪದ್ಧತಿಯೂ ಇಲ್ಲ. ಆದ್ದರಿಂದ ಇಲ್ಲಿ ಸವಾರನ ಕ್ಷೇಮ ಅವನ ಕೈಚಳಕದ ಜೊತೆಗೆ ಅಪರಿಚಿತರ ಸೌಜನ್ಯವನ್ನೂ ನಂಬಿಕೊಂಡಿದೆ.

ಈಗ ವೈದ್ಯರ ಮಾತು. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ 1997ರಲ್ಲಿ ನಾವು ರೆಸಿಡೆನ್ಸಿಗೆ ಬಂದದ್ದು ಮಿಷಿಗನ್ನಿಗೆ. ನಮ್ಮ ವಿಭಾಗ ಪುನಶ್ಚೇತನ, ಅಂದರೆ ಸರ್ಜನ್ನರು ಜೀವ ಉಳಿಸಿ, ಮೂಳೆ ಕೂಡಿಸಿ ಕಳಿಸಿದವರನ್ನು ಮತ್ತೆ ಕೂರಿಸಿ, ನಿಲ್ಲಿಸಿ, ನಡೆಸುವ ಕೆಲಸ. ಆಂಬುಲೆನ್ಸಿನ ಸದ್ದು, ರಕ್ತ, ಓಡಾಟ ಯಾವುದೂ ನಮ್ಮಲ್ಲಿಲ್ಲ. ನಮ್ಮ ರೋಗಿಗಳ ಕಥೆ ಶುರುವಾಗುವುದು ಅದೆಲ್ಲ ಮುಗಿದ ಮೇಲೆ. ಮಿಷಿಗನ್ನಿನಲ್ಲಿ ಲೇನುಗಳ ನಡುವೆ ಸಾಗಲು ಅನುಮತಿ ಇಲ್ಲ. ಹಾಗಾಗಿ 2001ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದ ಹೊಸತರಲ್ಲಿ ಕಿಟಕಿಯ ಪಕ್ಕದಲ್ಲಿ ಗುಡುಗು ಹಾದುಹೋದಂತಾಗಿ ನಾವೂ ಬೆಚ್ಚಿಬಿದ್ದೆವು. ಇದು ಹುಚ್ಚರ ಕೆಲಸವೋ, ಇದರಲ್ಲಿ ಅರ್ಥವಿದೆಯೋ ಎಂದು ತಿಳಿಯುವ ಕುತೂಹಲ ಆಗಲೇ ಹುಟ್ಟಿತು.

ಒಬ್ಬ ರೋಗಿಯ ವಿಷಯ ಹೇಳುತ್ತೇವೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇವೆ. ಮೂವತ್ತರ ಆಸುಪಾಸಿನ ಯುವಕ. ಫ್ರೀವೇಯಲ್ಲಿ ಮುಂದಿನ ಕಾರುಗಳು ನಿಂತವು, ಅವನೂ ಮೋಟಾರ್ ಸೈಕಲ್ ನಿಲ್ಲಿಸಿ ಲೇನಿನ ಮಧ್ಯದಲ್ಲಿ ಕಾಲೂರಿ ಕಾಯುತ್ತಿದ್ದ. ಹಿಂದಿನ ಕಾರಿನವರು ಮುಂದೆ ನೋಡುತ್ತಿರಲಿಲ್ಲ. ಎರಡು ಬಂಪರುಗಳ ನಡುವೆ ಅವನ ಎರಡೂ ಕಾಲು ಸಿಕ್ಕಿಕೊಂಡವು. ಬಿದ್ದ ರಭಸಕ್ಕೆ ಎಡ ಭುಜ ಕೆಳಕ್ಕೆ ಎಳೆದು ಕತ್ತಿನಿಂದ ತೋಳಿಗೆ ಇಳಿಯುವ ನರಗಳು ಹರಿದವು. ಕಾಲುಗಳು ಹತ್ತು ತಿಂಗಳಲ್ಲಿ ಸರಿಹೋದವು. ಕೈ ಬರಲಿಲ್ಲ. ಮೂಳೆ ಕೂಡುತ್ತದೆ, ಬುಡದಿಂದ ಕಿತ್ತ ನರ ಮತ್ತೆ ಮೊದಲಿನಂತಾಗುವುದಿಲ್ಲ. ಅವನು ಪ್ರತಿ ಸಲ ನಮ್ಮೆದುರು ಕುಳಿತಾಗಲೂ ಒಂದೇ ಮಾತು ಹೇಳುತ್ತಿದ್ದ. "ಡಾಕ್ಟರ್, ನಾನು ಸಾಲಿನಲ್ಲೇ ನಿಂತಿದ್ದೆ."

ಸಾಲಿನಲ್ಲಿ ನಿಂತ ಕಾರಿಗೆ ಹಿಂದಿನಿಂದ ಇನ್ನೊಂದು ಗುದ್ದಿದರೆ ಬಂಪರ್ ಹೋಗುತ್ತದೆ, ಇನ್ಷೂರೆನ್ಸಿನವರಿಗೆ ಫೋನ್ ಮಾಡುತ್ತೇವೆ. ಸವಾರನಿಗೆ ಬಂಪರ್ ಎಂದರೆ ಅವನ ಮೈಯೇ. ಎರಡು ಸಾಲುಗಳ ನಡುವೆ ಇದ್ದರೆ ಕನಿಷ್ಠ ಈ ಒಂದು ಅಪಾಯದಿಂದ ಅವನು ಪಾರು.

ಇದು ನಮ್ಮೊಬ್ಬರ ಅನಿಸಿಕೆಯಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಥಾಮಸ್ ರೈಸ್ ಮತ್ತು ಸಂಗಡಿಗರು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಪಘಾತಕ್ಕೆ ಸಿಕ್ಕ 5,969 ಸವಾರರ ದಾಖಲೆ ಅದರಲ್ಲಿದೆ. ಅವರ ಪೈಕಿ 997 ಮಂದಿ ಆ ಹೊತ್ತಿನಲ್ಲಿ ಲೇನುಗಳ ನಡುವೆ ಸಾಗುತ್ತಿದ್ದವರು. ಇವರಲ್ಲಿ ತಲೆಗೆ ಪೆಟ್ಟಾದವರು ನೂರಕ್ಕೆ 9, ಉಳಿದವರಲ್ಲಿ 17. ಎದೆ ಹೊಟ್ಟೆಗೆ ಪೆಟ್ಟಾದವರು 19, ಉಳಿದವರಲ್ಲಿ 29. ಸತ್ತವರು ನೂರಕ್ಕೆ 1.2, ಉಳಿದವರಲ್ಲಿ 3. ಹಿಂದಿನಿಂದ ಗುದ್ದಿಸಿಕೊಂಡವರೂ ಇವರಲ್ಲಿ ಕಡಿಮೆ. ವೈದ್ಯರಾಗಿ ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹೀಗೆ ಸಾಗುವವರು ಹೆಚ್ಚಾಗಿ ವಾರದ ದಿನಗಳಲ್ಲಿ ಕೆಲಸಕ್ಕೆ ಹೋಗುವವರು, ಒಳ್ಳೆಯ ಹೆಲ್ಮೆಟ್ ಹಾಕುವವರು, ಕುಡಿಯದೆ ಓಡಿಸುವವರು. ಅಂಕಿಗಳ ಒಂದಿಷ್ಟು ಶ್ರೇಯಸ್ಸು ಅದಕ್ಕೂ ಸಲ್ಲಬೇಕು. ತಾವಾಗಿಯೇ ಮುಂದಿನ ವಾಹನಕ್ಕೆ ಗುದ್ದುವುದು ಇವರಲ್ಲಿ ಜಾಸ್ತಿ ಎಂಬುದೂ ಅದೇ ಅಧ್ಯಯನದಲ್ಲಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ವೇಗ. ಸುತ್ತಲಿನ ಕಾರುಗಳಿಗಿಂತ ಗಂಟೆಗೆ 15 ಮೈಲಿಗಿಂತ ಹೆಚ್ಚು ವೇಗವಾಗಿ ಹೋದರೆ ಅಪಾಯ ಏರುತ್ತದೆ. ಅಲ್ಲಿಯವರೆಗೆ, ಟ್ರಾಫಿಕ್ಕೂ 50 ಮೈಲಿಗಿಂತ ನಿಧಾನವಾಗಿದ್ದರೆ, ಅಪಾಯ ಅಷ್ಟಾಗಿ ಹೆಚ್ಚುವುದಿಲ್ಲ.

ಇದಕ್ಕಿಂತ ಹಿಂದೆ, 1981ರಲ್ಲಿ, ಲಾಸ್ ಏಂಜಲೀಸಿನಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕರ ವರದಿ ಬಂತು. ಇಂಥ ವಿಷಯಕ್ಕೆ ಇಂಥ ಹೆಸರೇ ಸಿಗಬೇಕೇ! ಅವರ ತಂಡ ಸುಮಾರು 900 ಅಪಘಾತಗಳ ಸ್ಥಳಕ್ಕೇ ಹೋಗಿ ಪರೀಕ್ಷಿಸಿತ್ತು. ಬೇರೆ ವಾಹನವೂ ಸೇರಿದ್ದ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು ಆ ಬೇರೆ ವಾಹನದವರು ಸವಾರನ ದಾರಿಗೆ ಅಡ್ಡ ಬಂದದ್ದರಿಂದ ಆದವು. ಅವರಲ್ಲಿ ಹೆಚ್ಚಿನವರಿಗೆ ಮೋಟಾರ್ ಸೈಕಲ್ ಕಂಡೇ ಇರಲಿಲ್ಲ, ಇಲ್ಲವೇ ಕಂಡಾಗ ಹೊತ್ತು ಮೀರಿತ್ತು.

ಇದು ಸುಳ್ಳೂ ಅಲ್ಲ, ನೆಪವೂ ಅಲ್ಲ. ನಮ್ಮ ಭಾಷೆಯಲ್ಲಿ ನೋಡುವುದು ಬೇರೆ, ಕಾಣುವುದು ಬೇರೆ. ನೋಡುವುದು ಕಣ್ಣು, ಕಾಣುವುದು ಮೆದುಳು. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಾಗವಾಗಿ ಹರಿಯುವುದಿಲ್ಲ, ಕುಪ್ಪಳಿಸುತ್ತದೆ. ಕುಪ್ಪಳಿಸುವ ಆ ಕ್ಷಣದಲ್ಲಿ ಮೆದುಳು ಚಿತ್ರವನ್ನು ಅದುಮಿಬಿಡುತ್ತದೆ, ಇಲ್ಲದಿದ್ದರೆ ಲೋಕವೆಲ್ಲ ಅಲ್ಲಾಡಿದಂತೆ ಕಾಣುತ್ತಿತ್ತು. ಸಣ್ಣ ವಸ್ತು ಆ ಸಂದಿಯಲ್ಲಿ ಬಿದ್ದರೆ ಲೆಕ್ಕಕ್ಕೇ ಸಿಗುವುದಿಲ್ಲ. ಇನ್ನೊಂದು ವಿಷಯ, ನೇರವಾಗಿ ನಮ್ಮತ್ತ ಬರುವ ಸಣ್ಣ ವಸ್ತು ಕನ್ನಡಿಯಲ್ಲಿ ಬಹಳ ಹೊತ್ತು ಚುಕ್ಕೆಯಾಗಿಯೇ ಇದ್ದು, ಹತ್ತಿರ ಬಂದಮೇಲೆ ಒಮ್ಮೆಲೇ ಉಬ್ಬುತ್ತದೆ. ಅದು ದೂರವಿದೆ, ನಿಧಾನವಾಗಿದೆ ಎಂದು ಮೆದುಳು ತಪ್ಪು ಎಣಿಸುತ್ತದೆ. ಇಲ್ಲಿನ ಕಾರುಗಳ ಬಲಗನ್ನಡಿಯಂತೂ ಉಬ್ಬುಗನ್ನಡಿ. ಕಾಣುವುದಕ್ಕಿಂತ ವಸ್ತು ಹತ್ತಿರದಲ್ಲಿದೆ ಎಂದು ಅದರ ಮೇಲೆಯೇ ಬರೆದಿರುತ್ತಾರೆ. ಆದ್ದರಿಂದ ಕನ್ನಡಿಯನ್ನು ಒಂದು ಸಲ ನೋಡಿದರೆ ಸಾಲದು. ಎರಡು ಸಲ ನೋಡಿ, ಕತ್ತನ್ನೂ ತಿರುಗಿಸಿ ನೋಡಬೇಕು. ಕನ್ನಡಿಗರೆಂಬ ಹೆಸರಿಟ್ಟುಕೊಂಡು ಕನ್ನಡಿ ನೋಡದಿದ್ದರೆ ಹೇಗೆ?

ಇನ್ನು ತಂದೆತಾಯಿಯ ಮಾತು. ನಮ್ಮ ಮಗಳು 1999ರಲ್ಲಿ ಹುಟ್ಟಿದವಳು. ಹೇವರ್ಡ್‌ನಲ್ಲಿ ವಾಸ, ಓಕ್‌ಲ್ಯಾಂಡ್‌ನಲ್ಲಿ ಕೆಲಸ. 2024ರ ವಸಂತದಲ್ಲಿ ಒಂದು ಭಾನುವಾರ ಊಟ ಮಾಡುತ್ತಾ, ಉಪ್ಪಿನಕಾಯಿ ಕೇಳುವಷ್ಟೇ ಸಹಜವಾಗಿ, "ನಾನೊಂದು ಮೋಟಾರ್ ಸೈಕಲ್ ತಗೊಂಡೆ" ಎಂದಳು. ನಮ್ಮ ಮನೆಯವರು ಎದ್ದು ಅಡುಗೆಮನೆಗೆ ಹೋದರು. ಮೂರು ದಿನ ಮನೆಯಲ್ಲಿ ಮಾತಿಲ್ಲ.

ನಾವು ವಾದ ಮಾಡಿದೆವು. ಆ ವಿಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದವರ ಬಳಿ ವಾದಕ್ಕೆ ಬೇಕಾದ ಸರಕು ಕಡಿಮೆಯೇ? ಅವಳು ಎಲ್ಲವನ್ನೂ ಕೇಳಿದಳು. ಆಮೇಲೆ, "ಅಪ್ಪ, ನಿನ್ನ ಮದುವೆ ಆಲ್ಬಮ್‌ಗಿಂತ ನಿನ್ನ ಯೆಜ್ಡಿ ಆಲ್ಬಮ್ಮೇ ದಪ್ಪಗಿದೆ" ಎಂದಳು. ನಿಜವೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅದಕ್ಕೆ ಮುಂಚಿನ ಒಂದು ಯೆಜ್ಡಿ ನಮ್ಮನ್ನು ಐದು ವರ್ಷ ಕಾಲೇಜಿಗೆ ಹೊತ್ತುಕೊಂಡು ಹೋಗಿತ್ತು. ಕಿಕ್ ಹೊಡೆಯುವ ಸನ್ನೆಯನ್ನೇ ಮಡಚಿ ಗೇರ್ ಹಾಕುವ ಆ ಗಾಡಿಯನ್ನು ಕಂಡವರು ಮರೆಯುವುದಿಲ್ಲ. ಅದೇ ರಕ್ತ.

ಹೈವೇ ಪೆಟ್ರೋಲ್ ನಡೆಸುವ ತರಬೇತಿ 21 ವರ್ಷದೊಳಗಿನವರಿಗೆ ಮಾತ್ರ ಕಡ್ಡಾಯ. ಇವಳು ಕಡ್ಡಾಯವಿಲ್ಲದಿದ್ದರೂ ಹೋಗಿ ಮುಗಿಸಿ ಬಂದಿದ್ದಳು. ತಂದಿದ್ದ ಗಾಡಿ ಚಿಕ್ಕದು, ಬ್ರೇಕ್ ಹಿಡಿದಾಗ ಚಕ್ರ ಬಿಗಿಯದಂತೆ ತಡೆಯುವ ಎ.ಬಿ.ಎಸ್. ಇರುವಂಥದ್ದು. ಹೆಲ್ಮೆಟ್ ಹೇಗೂ ಕ್ಯಾಲಿಫೋರ್ನಿಯಾದಲ್ಲಿ 1992ರಿಂದ ಎಲ್ಲ ಸವಾರರಿಗೂ ಕಡ್ಡಾಯ. ನಾಲ್ಕನೆಯ ದಿನ ನಮ್ಮ ಮನೆಯವರು ಮೌನ ಮುರಿದರು. "ಒಳ್ಳೇ ಜಾಕೆಟ್ ಎಷ್ಟಂತೆ?"

ಕೆಲವು ತಿಂಗಳ ನಂತರ ಒಂದು ಸಂಜೆ ಅವಳ ಫೋನ್ ಬಂತು. ದನಿಯಲ್ಲಿ ಏನೋ ಬಿಗಿ ಇತ್ತು. "ಏನೂ ಆಗಿಲ್ಲ, ಮೊದಲೇ ಹೇಳ್ತಿದೀನಿ. ಒಬ್ಬ ನನ್ನನ್ನ ಕನ್ನಡಿಯಲ್ಲಿ ನೋಡಿ, ಬೇಕೂಂತಲೇ ಗೆರೆ ಮೇಲೆ ಬಂದ. ನಾನು ನಿಧಾನವಾಗೇ ಇದ್ದೆ. ಬ್ರೇಕ್ ಹಿಡಿದು ಹಿಂದೆ ಉಳಿದೆ. ಅಷ್ಟೇ." ಅಷ್ಟೇ ಎಂದು ಅವಳು ಹೇಳಿದಳು. ಎರಡು ಬಂಪರುಗಳ ನಡುವಿನ ಕಾಲುಗಳನ್ನು ಕಂಡಿದ್ದ ನಮಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆ ಡ್ರೈವರು ರಾಕ್ಷಸನೇನಲ್ಲ. ದಿನವೆಲ್ಲ ದುಡಿದು ಸುಸ್ತಾಗಿ, ಸಾಲಿನಲ್ಲಿ ನಿಂತು ಬೇಸತ್ತು, ಇದು ಯಾವ ನ್ಯಾಯ ಎಂದುಕೊಂಡವನು. ಊಟದ ಸಾಲಿನಲ್ಲಿ ನಾವು ಕೇಳುವ ಮಾತೇ ಅದು. ಅದೇ ಮಾತು ಸ್ಟಿಯರಿಂಗಿಗೆ ಇಳಿದರೆ ಏನಾಗುತ್ತದೆಂದು ಅವನಿಗೆ ಹೊಳೆದಿರಲಾರದು. ಅವನ ಕನ್ನಡಿಯಲ್ಲಿ ಕಂಡದ್ದು ಒಂದು ಹೆಲ್ಮೆಟ್ ಮಾತ್ರ. ಅದರೊಳಗೆ ನಮ್ಮ ಮಗಳಿದ್ದಾಳೆಂದು ಹೆಲ್ಮೆಟ್ಟಿನ ಮೇಲೆ ಬರೆದಿರುವುದಿಲ್ಲ.

ಫೋನ್ ಇಡುವ ಮುಂಚೆ ಅವಳು ಇನ್ನೊಂದು ಮಾತನ್ನೂ ಸೇರಿಸಿದಳು. "ಅದೇ ರಸ್ತೆಯಲ್ಲಿ ಅವನಿಗಿಂತ ಮುಂಚೆ ಒಂಬತ್ತು ಕಾರು ಸಾಲಾಗಿ ಜಾಗ ಬಿಟ್ಟವು ಗೊತ್ತಾ? ಒಂದಾದ ಮೇಲೆ ಒಂದು, ಬಾಗಿಲು ತೆರೆದ ಹಾಗೆ. ಒಬ್ಬಾಕೆ ಅಮ್ಮನ ವಯಸ್ಸಿನವಳು, ಕಿಟಕಿಯಿಂದ ಕೈ ಬೇರೆ ಬೀಸಿದಳು."

ಬೆಳಗಿನ ಜಾವದವರೆಗೆ ನಾವು ಆ ಒಬ್ಬನ ವಿಷಯ ಯೋಚಿಸಿದೆವು. ಆಮೇಲೆ ಆ ಒಂಬತ್ತು ಮಂದಿಯ ವಿಷಯ. ಯಾವ ಊರಿನವರೋ, ಯಾವ ಭಾಷೆಯವರೋ. ನಮ್ಮ ಮಗಳನ್ನು ಅಂದು ಮನೆ ಸೇರಿಸಿದವರಲ್ಲಿ ಅವರೂ ಇದ್ದಾರೆ, ಅದು ಅವರಿಗೆ ತಿಳಿದಿಲ್ಲ.

ಹಾಗಾದರೆ ಎಲ್ಲ ಸವಾರರೂ ಸಂಭಾವಿತರೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಅರವತ್ತು ಮೈಲಿ ವೇಗದ ಟ್ರಾಫಿಕ್ಕಿನ ನಡುವೆ ತೊಂಬತ್ತರಲ್ಲಿ ನುಗ್ಗುವವರಿದ್ದಾರೆ. ಸೈಲೆನ್ಸರ್ ಕಿತ್ತುಹಾಕಿ ಕಿವಿ ಕಿತ್ತುಹೋಗುವಂತೆ ಸದ್ದು ಮಾಡುವವರಿದ್ದಾರೆ. ಜಾಗ ಬಿಡದಿದ್ದರೆ ಕನ್ನಡಿಗೆ ಗುದ್ದಿ ಹೋಗುವವರೂ ಉಂಟು. ಅವರಿಗೆ ದಂಡ ಹಾಕಲು ಪೊಲೀಸರಿದ್ದಾರೆ. ನಮ್ಮ ಬಂಪರಿನಿಂದ ಪಾಠ ಕಲಿಸುವ ಅಧಿಕಾರವನ್ನು ಯಾರೂ ನಮಗೆ ಕೊಟ್ಟಿಲ್ಲ. ಆಸ್ಪತ್ರೆಗೆ ಬಂದವನು ಒಳ್ಳೆಯವನೋ ಕೆಟ್ಟವನೋ ಎಂದು ಕೇಳಿ ನಾವು ನಾಡಿ ಹಿಡಿಯುವುದಿಲ್ಲ. ಒಂದು ಅಡಿ ಜಾಗವೂ ಹಾಗೆಯೇ.

ಸೌಜನ್ಯಕ್ಕೂ ಒಂದು ಹದ ಬೇಕು. ಅತಿಯಾದರೆ ಅದೂ ಅಪಾಯ. ಮೋಟಾರ್ ಸೈಕಲ್ ಕಂಡ ಕೂಡಲೇ ಗಾಬರಿಯಿಂದ ಸ್ಟಿಯರಿಂಗ್ ಎಳೆಯಬೇಡಿ, ಬ್ರೇಕ್ ಹಾಕಬೇಡಿ, ಕೈಸನ್ನೆ ಮಾಡಿ ಕರೆಯಬೇಡಿ. ನಿಮ್ಮ ಲೇನು ಬಿಡದೆ ನಿಧಾನವಾಗಿ ಒಂದು ಅಡಿ ಜರುಗಿ, ಅದೇ ವೇಗದಲ್ಲಿ ಇರಿ. ತೀರ ಎಡಗಡೆಯ ಲೇನಿನಲ್ಲಿದ್ದರೆ ಎಡಕ್ಕೆ, ಅದರ ಪಕ್ಕದ ಎರಡನೆಯ ಲೇನಿನಲ್ಲಿದ್ದರೆ ಬಲಕ್ಕೆ. ಈ ಎರಡರ ನಡುವೆಯೇ ಅವರು ಹೆಚ್ಚಾಗಿ ಬರುವುದು. ಪಕ್ಕದಲ್ಲಿ ಜಾಗವಿಲ್ಲದಿದ್ದರೆ ಸುಮ್ಮನೆ ನೇರವಾಗಿ ಹೋಗುತ್ತಿರಿ, ಅವನು ಕಾಯುತ್ತಾನೆ. ಲೇನು ಬದಲಿಸುವಾಗ ಮೊದಲು ಸಿಗ್ನಲ್, ಆಮೇಲೆ ಕನ್ನಡಿ, ಆಮೇಲೆ ಕತ್ತು, ಕೊನೆಗೆ ಸ್ಟಿಯರಿಂಗ್. ಪಕ್ಕದ ಲೇನು ಸ್ವಲ್ಪ ಬೇಗ ಹೋಗುತ್ತಿದೆಯೆಂದು ಛಕ್ಕನೆ ಹಾರುವ ಚಪಲವನ್ನು ಬಿಟ್ಟರಂತೂ ಅರ್ಧ ಪುಣ್ಯ ಅಲ್ಲೇ ಬಂತು. ಸವಾರನಿಗೆ ದೊಡ್ಡ ಭಯ ಅದೇ. ಇನ್ನು ಫೋನಿನ ವಿಷಯ ಹೇಳಬೇಕಾಗಿಲ್ಲ. ಕೂಟದ ವಾಟ್ಸಾಪ್ ಗುಂಪಿನ ಶುಭೋದಯಗಳು ಸಂಜೆಯವರೆಗೂ ಕೆಡುವುದಿಲ್ಲ.

ಆ ಒಂಬತ್ತು ಮಂದಿಗೆ ಥ್ಯಾಂಕ್ಸ್ ಹೇಳಬೇಕೆಂದರೆ ನಮ್ಮ ಬಳಿ ಅವರ ಹೆಸರಿಲ್ಲ, ವಿಳಾಸವಿಲ್ಲ. ಅವರು ನಮ್ಮ ಮಗಳಿಗೆ ಕೊಟ್ಟದ್ದನ್ನು ನಾವು ಅವರಿಗೆ ಹಿಂತಿರುಗಿಸಲಾರೆವು. ಮುಂದೆ ಬರುವ ಯಾರ ಮಗನಿಗೋ, ಯಾರ ಮಗಳಿಗೋ ದಾಟಿಸಬಹುದು, ಅಷ್ಟೇ. ನಮ್ಮ ಮನೆಯವರಿಗೆ ಈಗ ನಮಗಿಂತ ಮೊದಲೇ ಹಿಂದಿನ ದೀಪ ಕಾಣುತ್ತದೆ. "ಬಂತು, ಜರುಗಿ" ಎನ್ನುತ್ತಾರೆ. ಜರುಗುತ್ತೇವೆ. ಅದಕ್ಕೆ ಪೆಟ್ರೋಲ್ ಖರ್ಚಿಲ್ಲ, ಹೊತ್ತು ಖರ್ಚಿಲ್ಲ.

ಮುಂದಿನ ಸಲ ನಿಮ್ಮ ಕನ್ನಡಿಯಲ್ಲಿ ಒಂಟಿ ದೀಪ ಕಂಡಾಗ ನೀವೂ ಒಂದು ಅಡಿ ಜರುಗಿ. ಹೋಗುವಾಗ ಅವರು ಕಾಲು ತೋರಿಸಿದರೆ ಬೇಸರ ಮಾಡಿಕೊಳ್ಳಬೇಡಿ, ಅದು ನಮಸ್ಕಾರ.